ಹೆಲ್ಮೆಟ್ ಗಾಜಿಗೆ ಥಿನ್ನರ್ ಹಚ್ಚಬೇಡಿ!

ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಕೋಡಿಂಗ್. ಆದ್ರೂ ಮೊನ್ನೆ ಕಾಲೇಜಿನ ಪಾಠ ನೆನಪಾಯ್ತು. ಹೆಲ್ಮೆಟ್ ಗಾಜಿನ ಮೇಲಿದ್ದ ಸ್ಟಿಕ್ಕರ್ ಅಂಟು ತೆಗೆಯೋಕೆ ತಮ್ಮ ಥಿನ್ನರ್ ಹಚ್ಚಿ ಉಜ್ಜಿದ್ದ. ಗಾಜು ಮಬ್ಬಾಯ್ತು, ಸ್ಕ್ರೂ ಸುತ್ತ ಕೂದಲೆಳೆಯಂಥ ಬಿರುಕು ಕಾಣಿಸಿತು.

ನಾವು ಗಾಜು ಅಂತೀವಿ. ಹೆಚ್ಚಿನ ಹೆಲ್ಮೆಟ್‌ಗಳಲ್ಲಿ ಅದು ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಬೇರೆಬೇರೆಯಾಗಿಯೇ ಇದನ್ನು ಕಂಡುಕೊಂಡರು. ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ಪೆಟ್ಟು ಬಿದ್ರೆ ಚೂರಾಗದೆ ಬಾಗಿ, ಏಟನ್ನು ತಾನೇ ನುಂಗುತ್ತೆ. ಮೆತ್ತಗಾಗೋಕೆ ಸುಮಾರು 147 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು.

ಇಂಥ ಗಟ್ಟಿಗನಿಗೂ ಎರಡು ದೌರ್ಬಲ್ಯ. ಒಂದು, ಬೇಗ ಗೀರು ಬೀಳುತ್ತೆ. ಇನ್ನೊಂದು, ಥಿನ್ನರ್, ಪೆಟ್ರೋಲ್, ನೇಲ್‌ಪಾಲಿಶ್ ರಿಮೂವರ್ ಆಗಿಬರಲ್ಲ. ಅವು ಉದ್ದುದ್ದ ಅಣುಗಳ ನಡುವೆ ನುಸುಳಿ ಹಿಡಿತ ಸಡಿಲಿಸುತ್ತವೆ. ಸ್ಕ್ರೂ ಬಿಗಿದ ಕಡೆ ಮೊದಲೇ ಒತ್ತಡ ಇರೋದ್ರಿಂದ ಬಿರುಕು ಅಲ್ಲಿಂದ್ಲೇ ಶುರು.

ಉಗುರುಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸೋಪು, ಮೆತ್ತನೆ ಹತ್ತಿ ಬಟ್ಟೆ. ತೊಳೆಯೋಕೆ ಇಷ್ಟೇ ಸಾಕು.

ತಮ್ಮನಿಗೆ ಹೊಸ ಗಾಜು ಹಾಕಿಸಿದೆ. ಹಳೆಯದನ್ನು ಕೈಯಲ್ಲಿ ಸ್ವಲ್ಪ ಬಗ್ಗಿಸಿ ನೋಡಿದೆ, ಪಟ್ ಅಂತ ಎರಡಾಯ್ತು. ಅವನ ಕಣ್ಣಿಗೆ ಕಾವಲಾಗಿ ಇದ್ದದ್ದು ಅದೇ.