ಅಡಿಕೆ ಊರು ಕಾಲೇಜು ಕಟ್ಟಿತು, ಕಾಲೇಜು ಊರಿಗೇನು ಕೊಡಬೇಕು?

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಂದ ಕೂಡಲೇ ನೆನಪಾಗೋದು ಎರಡು: ಕೆರೆ ಮತ್ತು ಅಡಿಕೆ. ಈ ಊರಿಗೆ ಮೂರನೇ ಗುರುತೂ ಇದೆ. 2001ರಲ್ಲಿ ದಾವಣಗೆರೆಯಲ್ಲಿ ಶುರುವಾದ ಜಿಎಂಐಟಿ ಎಂಜಿನಿಯರಿಂಗ್ ಕಾಲೇಜನ್ನು ಕಟ್ಟಿದ್ದು ಭೀಮಸಮುದ್ರದ ಶ್ರೀಶೈಲ ಎಜುಕೇಷನಲ್ ಟ್ರಸ್ಟ್. ಅದರ ಹಿಂದಿದ್ದದ್ದು ಅಡಿಕೆ ವ್ಯಾಪಾರದ ಮನೆತನ. ಇವತ್ತು ಅದೇ ಬಳಗದ ಜಿಎಂ ವಿಶ್ವವಿದ್ಯಾಲಯವೂ ಇದೆ.

ವ್ಯಾಪಾರ ಮಾಡಿದ ಊರು ವಿದ್ಯೆ ಕೊಟ್ಟಿತು, ಸಂತೋಷ. ಆದರೆ ನನ್ನ ಪ್ರಶ್ನೆ ಬೇರೆ. ಈ ಭಾಗದ ಮಕ್ಕಳು ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತೋದೇ ವಿದ್ಯೆಯ ಕೊನೇ ನಿಲ್ದಾಣವಾ?

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಫ್ರೆಡರಿಕ್ ಟರ್ಮನ್ ಅಂತ ಒಬ್ಬ ಪ್ರೊಫೆಸರ್ ಇದ್ದರು. ಪಾಠ ಹೇಳಿ ಸುಮ್ಮನಾಗಲಿಲ್ಲ. ಹ್ಯೂಲೆಟ್, ಪ್ಯಾಕರ್ಡ್ ಎಂಬ ಇಬ್ಬರು ಶಿಷ್ಯರಿಗೆ 'ಇಲ್ಲೇ ಉದ್ಯಮ ಶುರುಮಾಡಿ' ಅಂತ ಬೆನ್ನಿಗೆ ನಿಂತರು. 1939ರಲ್ಲಿ ಕಾರ್ ಶೆಡ್ಡಿನಲ್ಲಿ ಹುಟ್ಟಿದ ಆ ಕಂಪನಿಯೇ ಎಚ್‌ಪಿ. ದೂರ ಯಾಕೆ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೇ 2000ದಲ್ಲಿ ಸ್ಟ್ರ್ಯಾಂಡ್ ಕಂಪನಿ ಕಟ್ಟಿದರು.

ಗುಟ್ಟು ಇಷ್ಟೇ. ಹೊಸ ಉದ್ಯಮಿಗೆ ಬೇಕಾದ್ದು ಬರೀ ಸಾಲವಲ್ಲ. ಪರೀಕ್ಷೆ ಮಾಡಲು ಲ್ಯಾಬ್ ಬೇಕು, ತಪ್ಪು ತೋರಿಸುವ ಗುರು ಬೇಕು, ಮೊದಲ ಗಿರಾಕಿಯ ಪರಿಚಯ ಬೇಕು. ಈ ಮೂರೂ ಒಂದೇ ಕಾಂಪೌಂಡಿನಲ್ಲಿ ಸಿಗುವ ಜಾಗ ವಿಶ್ವವಿದ್ಯಾಲಯ.

ಅಡಿಕೆ ಸೀಮೆಗೆ ಇದು ತುರ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಅಂದಿದೆ. ಜಗಿಯೋರನ್ನೇ ನಂಬಿಕೊಂಡ ಬೆಳೆಗೆ ಇದು ಎಚ್ಚರಿಕೆಯ ಗಂಟೆ. ಹಾಗಂತ ತೋಟ ಕಡಿಯೋಕಾಗುತ್ತಾ? ಗಿಡ ಫಸಲಿಗೆ ಬರೋಕೇ ವರ್ಷಗಳು ಬೇಕು.

ದಾರಿ ಇದೆ. ಹಾಳೆಯಿಂದ ತಟ್ಟೆ ಆಗ್ತಿದೆ. ಸಿಪ್ಪೆಯಲ್ಲಿ ನಾರಿದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಣ್ಣಕ್ಕೆ, ಚರ್ಮ ಹದಮಾಡೋಕೆ ಬರುವ ಟ್ಯಾನಿನ್ ಇದೆ. ಇವನ್ನು ಲಾಭದ ಸರಕು ಮಾಡೋದು ರಸಾಯನಶಾಸ್ತ್ರದ ಕೆಲಸ, ಯಂತ್ರದ ಕೆಲಸ, ಲೆಕ್ಕದ ಕೆಲಸ. ಅಂದರೆ ಕಾಲೇಜಿನ ಕೆಲಸ!

ಕೊನೇ ವರ್ಷದ ಪ್ರಾಜೆಕ್ಟ್ ಅಂತ ವಿದ್ಯಾರ್ಥಿಗಳು ಏನೋ ಒಂದು ಮಾಡಲೇಬೇಕಲ್ವಾ? ಒಂದು ಸೆಮಿಸ್ಟರ್ ಅಡಿಕೆ ಕಣದಲ್ಲಿ ಕೂರಿಸಿ. ಬೇಯಿಸೋರನ್ನ, ಸುಲಿಯೋರನ್ನ ಕೇಳಲಿ. ಸಮಸ್ಯೆ ಅಲ್ಲೇ ಸಿಗುತ್ತೆ. ಪರಿಹಾರ ಹುಡುಕಿದವನಿಗೆ ಲ್ಯಾಬಿನ ಬೀಗ ಪರೀಕ್ಷೆ ಮುಗಿದ ಮೇಲೂ ತೆರೆದಿಡಿ.

ವಿಶ್ವವಿದ್ಯಾಲಯದ ಮಾರ್ಕ್ಸ್ ಕಾರ್ಡನ್ನು ನಾನು ನೋಡೋದು ಹೀಗೆ: ಎಷ್ಟು ಜನಕ್ಕೆ ನೌಕರಿ ಸಿಕ್ತು ಅನ್ನೋದರ ಜೊತೆಗೆ, ಎಷ್ಟು ಜನ ಊರಲ್ಲೇ ನಿಂತು ನಾಲ್ಕು ಮಂದಿಗೆ ಕೆಲಸ ಕೊಟ್ಟರು ಅನ್ನೋದನ್ನೂ ಬರೆಯಬೇಕು.