ಈಚೆಗೆ ಓದಿದ ಎರಡು ಪುಸ್ತಕಗಳು

ಈಚೆಗೆ ಬಿಡುವಿನಲ್ಲಿ ಓದಿದ ಎರಡು ಪುಸ್ತಕಗಳೂ ಶಿವರಾಮ ಕಾರಂತರವು. ಮೂರು ತಲೆಮಾರುಗಳ ‘ಮರಳಿ ಮಣ್ಣಿಗೆ’ಯನ್ನು ರಾಮ ಐತಾಳರಿಂದ ಮೊಮ್ಮಗ ರಾಮನವರೆಗಿನ ಗಂಡಸರ ಕಥೆಯೆನ್ನುವವರುಂಟು, ನನಗೆ ಹಾಗೆ ತೋರಲಿಲ್ಲ. ಕಡಲ ಕರೆಯ ಕೋಡಿಯಲ್ಲಿ ಗದ್ದೆಗೂ ಒಲೆಗೂ ಮೈ ತೇಯ್ದವರು ಪಾರೋತಿ ಮತ್ತು ವಿಧವೆ ಸರಸೋತಿ; ಕಲಿತ ಲಚ್ಚ ಕೆಡಿಸಿದ ಬಾಳನ್ನು ಸಹಿಸಿ ಮಗನನ್ನು ಬೆಳೆಸಿದವಳು ನಾಗವೇಣಿ. ಸವತಿ ಬಂದ ಮೇಲೂ ಕೆಡದ ಆ ಅತ್ತಿಗೆ-ನಾದಿನಿಯರ ಸ್ನೇಹವೇ ಮನೆಯ ನಡುಗಂಬವೆನಿಸಿತು.

ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಬೇರೆಯದೇ ರುಚಿ. ನಾಟಕ, ಯಕ್ಷಗಾನ, ಮಕ್ಕಳ ಶಿಕ್ಷಣ, ಅಲೆದಾಟ—ಕೈಗೊಂಡ ಕೆಲಸಗಳ ವಿವರ ಧಾರಾಳವಾಗಿದೆ. ಆದರೆ ಸರಸೋತಿಯ ಒಳಗನ್ನು ಅಷ್ಟು ಬಲ್ಲ ಲೇಖಕರು ತಮ್ಮ ಮನೆಯ ಬಾಗಿಲನ್ನು ಓದುಗನಿಗೆ ಅರೆಯಷ್ಟೇ ತೆರೆಯುತ್ತಾರೆ. ಆ ಸಂಕೋಚಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಎರಡನ್ನೂ ಓದಬಯಸುವವರು ಕಾದಂಬರಿಯನ್ನು ಮೊದಲು ಕೈಗೆತ್ತಿಕೊಳ್ಳಲಿ.