ಅಂಬಾಸಿಡರಿಗೂ ಒಂದು ಮುಖವಿದೆ

ನಮ್ಮ ಮನೆಗಳ ಹಳೆಯ ವಿವಾಹ ಆಲ್ಬಮ್‌ಗಳಲ್ಲಿ ವಧೂವರರ ಹಿಂದೆ ಅರ್ಧ ಮಾತ್ರ ಕಾಣುವ ಅಂಬಾಸಿಡರ್ ಕಾರನ್ನು ಗಮನಿಸಿದವರು ವಿರಳ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸಂತತಿಯ ಈ ಕಾರಿನ ತಯಾರಿಕೆ ಪಶ್ಚಿಮ ಬಂಗಾಳದಲ್ಲಿ 2014ರಲ್ಲಿ ನಿಂತಿತು. ಉಳಿದವೂ ಒಂದೊಂದಾಗಿ ಗುಜರಿ ಸೇರುತ್ತಿವೆ. ಚಿತ್ರ ತೆಗೆಯುವುದಿದ್ದರೆ ಈಗಲೇ ತೆಗೆಯಬೇಕು.

ನಿಂತು ತೆಗೆದರೆ ಚಾವಣಿಯೇ ದೊಡ್ಡದಾಗುತ್ತದೆ. ಮಂಡಿಯೂರಿ ಕ್ಯಾಮರಾವನ್ನು ಹೆಡ್‌ಲೈಟಿನ ಮಟ್ಟಕ್ಕೆ ತಂದಾಗ ಆ ದುಂಡು ಕಣ್ಣುಗಳು ನಮ್ಮನ್ನೇ ದಿಟ್ಟಿಸುತ್ತವೆ. ನಡುಹಗಲಿನ ಬಿಸಿಲು ಬೇಡ. ಮುಂಜಾನೆಯ ಓರೆ ಬೆಳಕಿನಲ್ಲಿ ಬಾನೆಟ್ಟಿನ ಉಬ್ಬು ತಾನಾಗಿ ಎದ್ದು ತೋರುತ್ತದೆ. ಕನ್ನಡಿಯಂತಹ ಬಂಪರಿನಲ್ಲಿ ಛಾಯಾಗ್ರಾಹಕನೂ ಮೂಡುವುದುಂಟು. ಬಿಳಿ ಅಂಗಿ ತೊಟ್ಟವರು ಜೋಕೆ!

ಧೂಳನ್ನು ಒರೆಸೋಣ, ನೆಗ್ಗುಗಳನ್ನು ಮರೆಮಾಚದಿರೋಣ. ಹಿಂದಿನ ಸೀಟಿನ ಸವೆದ ಹೊದಿಕೆಯದ್ದೂ ಒಂದು ಚಿತ್ರವಿರಲಿ: ಮದುಮಗಳೊಂದಿಗೆ ಅರ್ಧ ಕುಟುಂಬವೇ ಅಲ್ಲಿ ಇಕ್ಕಟ್ಟಿನಲ್ಲಿ ಕುಳಿತು ಇಗರ್ಜಿಗೆ ಹೋಗಿತ್ತು.